ಬಿಸಿಲು ಏರುತ್ತಿದೆ, ಹಾಜರಿ ಇಳಿಯುತ್ತಿದೆ



ಹೋದ ವರ್ಷದ ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಸರ, ನಮ್ಮ ಹುಡುಗಿ ರಾತ್ರಿ ಕೂತು ಜಾಗತಿಕ ತಾಪಮಾನ, ಜಾಗತಿಕ ತಾಪಮಾನ ಅಂತ ಬಾಯಿಪಾಠ ಮಾಡ್ತಾಳ. ಅದೇನು ನಮ್ಮ ಮಕ್ತಲದಾಗ ಐತೇನ್ರಿ, ಇಲ್ಲಾ ಅಮೆರಿಕಾದಾಗ ಐತ್ರಿ?" ಸಭೆಯಲ್ಲಿದ್ದವರೆಲ್ಲಾ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಕೊಡಲು ಆ ದಿನ ಸಮಯ ಸಿಗಲಿಲ್ಲ. ಪಠ್ಯಪುಸ್ತಕ ತಡವಾದ ದೂರು, ಬಿಸಿಯೂಟದ ಅಕ್ಕಿ, ಶೌಚಾಲಯದ ನೀರು, ಇಷ್ಟರಲ್ಲೇ ಸಭೆ ಮುಗಿಯಿತು.

ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅದು ಮಕ್ತಲದಲ್ಲಿಯೂ ಇದೆ, ನಾರಾಯಣಪೇಟೆಯಲ್ಲಿಯೂ ಇದೆ, ಗದ್ವಾಲದಲ್ಲಿಯೂ ಇದೆ. ಎಲ್ಲಿ ಎಂದು ಕೇಳಿದರೆ ನಾನು ತೋರಿಸಬಲ್ಲೆ. ನನ್ನ ಮೇಜಿನ ಮೇಲಿರುವ ಹಾಜರಿ ಪುಸ್ತಕದಲ್ಲಿಯೇ ಇದೆ. ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಹುಡುಗಿ ಬಾಯಿಪಾಠ ಮಾಡುತ್ತಿದ್ದ ಪಾಠ ಏನೆಂಬುದು ತಮಗೆ ತಿಳಿಯಬೇಕು.

ಈ ಪಾಠದ ಮೊದಲ ತೊಡಕು ಹೆಸರಿನದೇ. ನಮ್ಮ ಪುಸ್ತಕದಲ್ಲಿ ಒಂದು ಕಡೆ "ಜಾಗತಿಕ ತಾಪಮಾನ ಏರಿಕೆ" ಎಂದಿದ್ದರೆ ಇನ್ನೊಂದು ಕಡೆ "ಭೂತಾಪ" ಎಂದಿರುತ್ತದೆ. ಹೊರಗೆ ಮಕ್ಕಳು ತೆಲುಗಿನಲ್ಲಿ ಕೇಳುವುದು "ಭೂತಾಪಂ", ಟಿ.ವಿ.ಯಲ್ಲಿ ಕೇಳುವುದು "ಗ್ಲೋಬಲ್ ವಾರ್ಮಿಂಗ್". ಒಬ್ಬ ಹುಡುಗ ಪರೀಕ್ಷೆಯಲ್ಲಿ ಭೂತಾಪ ಎಂದರೆ "ಭೂತಗಳಿಂದ ಬರುವ ತಾಪ" ಎಂದು ಬರೆದಿದ್ದ. ಅಂಕ ಕೊಡಲಿಲ್ಲ, ಆದರೆ ತಪ್ಪು ಅವನದೆಂದು ನನಗೆ ಅನ್ನಿಸಲಿಲ್ಲ. ಭೂಮಿ ಬಿಸಿಯಾಗುವುದು ಎಂದು ನೇರವಾಗಿ ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು.

ಭೂಮಿ ಯಾಕೆ ಬಿಸಿಯಾಗುತ್ತದೆ? ನಮ್ಮ ಕಡೆ ಕುರಿ ಕಾಯುವವರು ಹೆಗಲ ಮೇಲೆ ಹಾಕಿಕೊಳ್ಳುವ ಕಂಬಳಿಯನ್ನು ನೆನೆಯಿರಿ. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ಹಿಡಿದಿಡುತ್ತದೆ, ಅಷ್ಟೆ. ಭೂಮಿಗೂ ಗಾಳಿಯಲ್ಲಿ ಅಂತಹ ಒಂದು ಕಂಬಳಿಯಿದೆ. ಸೂರ್ಯನ ಬೆಳಕು ಅದನ್ನು ದಾಟಿ ಒಳಗೆ ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನ್ನ ಶಾಖವನ್ನು ಮತ್ತೆ ಆಕಾಶದ ಕಡೆಗೆ ಬಿಡುತ್ತದೆ. ಆ ಶಾಖದ ಒಂದು ಪಾಲನ್ನು ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ತಡೆದು ಹಿಡಿಯುತ್ತವೆ. ಮೋಡ ಕವಿದ ರಾತ್ರಿ ಚಳಿ ಕಡಿಮೆ, ಶುಭ್ರ ಆಕಾಶದ ರಾತ್ರಿ ಚಳಿ ಹೆಚ್ಚು ಎಂಬುದನ್ನು ಹೊಲದಲ್ಲಿ ಮಲಗಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಸುಮಾರಾಗಿ ಅದೇ ಮಾತು ಇದು. ಈ ಕಂಬಳಿ ಇಲ್ಲವೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು, ನಾವ್ಯಾರೂ ಇರುತ್ತಿರಲಿಲ್ಲ. ಆದ್ದರಿಂದ ಕಂಬಳಿ ಕೆಟ್ಟದ್ದಲ್ಲ. ಬೇಸಿಗೆಯಲ್ಲಿ ಒಂದರ ಮೇಲೊಂದು ಕಂಬಳಿ ಹೊದಿಸುತ್ತಾ ಹೋದರೆ ಏನಾಗುತ್ತದೆಯೋ ಅದೇ ಈಗ ಆಗುತ್ತಿರುವುದು.

ಯಾರು ಹೊದಿಸಿದರು? ಯುರೋಪಿನಲ್ಲಿ ಕಾರ್ಖಾನೆಗಳು ಹುಟ್ಟುವ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಾಲು ಇತ್ತು. 1958ರಲ್ಲಿ ಹವಾಯಿ ದ್ವೀಪದ ಒಂದು ಬೆಟ್ಟದ ಮೇಲೆ ಇದನ್ನು ಸತತವಾಗಿ ಅಳೆಯಲು ಪ್ರಾರಂಭಿಸಿದಾಗ 315 ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು, ನೈಸರ್ಗಿಕ ಅನಿಲ ಇವುಗಳನ್ನು ಸುಟ್ಟದ್ದರಿಂದ, ಮತ್ತು ಕಾಡು ಕಡಿದದ್ದರಿಂದ ಬಂದ ಹೆಚ್ಚಳ ಇದು. ಕಲ್ಲಿದ್ದಲು ಸುಡುವುದರಿಂದ ಭೂಮಿ ಬಿಸಿಯಾದೀತೆಂದು ಸ್ವೀಡನ್ನಿನ ಅರ‍್ಹೇನಿಯಸ್ ಎಂಬ ವಿಜ್ಞಾನಿ 1896ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದ. ಅಂದರೆ ಇದು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ಸುದ್ದಿಯಲ್ಲ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ನೆಯ ಇಸವಿ ದಾಖಲೆ ಇಡಲು ಪ್ರಾರಂಭವಾದಂದಿನಿಂದ ಅತಿ ಬಿಸಿಯಾದ ವರ್ಷ. 1850ರಿಂದ 1900ರವರೆಗಿನ ಸರಾಸರಿಗಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು.

ಇದು ಪುಸ್ತಕದ ಮಾತಾಯಿತು. ಕಣ್ಣಾರೆ ನೋಡಬೇಕೆನ್ನುವವರು ಕೃಷ್ಣಾ ಸ್ಟೇಷನ್ನಿನ ಕಡೆಗೆ ಹೋಗಿ ನಿಂತು ಹೊಳೆಯ ಆಚೆ ನೋಡಿರಿ. ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣುತ್ತವೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ನಮ್ಮ ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲೂ ಅಲ್ಲಿಗೆ ಹೋಗಿ ಉರಿದಿದೆ. ಆ ವಿದ್ಯುತ್ತು ಎಷ್ಟೋ ಊರುಗಳಿಗೆ ಬೆಳಕು ಕೊಟ್ಟಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಹೊಗೆಗೆ ಮಾತ್ರ ಕರ್ನಾಟಕ, ತೆಲಂಗಾಣ ಎಂಬ ಗಡಿಯಿಲ್ಲ. ಇದೇ ಕೃಷ್ಣೆಯ ಮೇಲೆ ಸ್ವಲ್ಪ ಕೆಳಗೆ ಜುರಾಲಾದಲ್ಲಿ ನೀರಿನಿಂದ ಆಗುವ ವಿದ್ಯುತ್ತಿನ ಸಾಮರ್ಥ್ಯ 234 ಮೆಗಾವ್ಯಾಟ್. ಅದೂ ಹೊಳೆಯಲ್ಲಿ ನೀರಿದ್ದಾಗ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕು. ಮೊದಲನೆಯದು ಓಝೋನ್ ಪದರದ್ದು. "ಓಝೋನಿನಲ್ಲಿ ರಂಧ್ರ ಬಿದ್ದದ್ದರಿಂದ ಬಿಸಿಲು ಹೆಚ್ಚಾಗಿದೆ" ಎಂದು ಎಷ್ಟೋ ವಿದ್ಯಾವಂತರೂ ಹೇಳುತ್ತಾರೆ. ಬಿ.ಎಡ್. ಓದುವಾಗ ಪಾಠ ಟಿಪ್ಪಣಿಯಲ್ಲಿ ನಾನೇ ಹಾಗೆ ಬರೆದು "ಉತ್ತಮ" ಎಂಬ ಷರಾ ಪಡೆದಿದ್ದೇನೆ! ಅದು ಬೇರೆ, ಇದು ಬೇರೆ. ಓಝೋನ್ ಪದರಕ್ಕೆ ಹಾನಿ ಮಾಡುತ್ತಿದ್ದ ರಾಸಾಯನಿಕಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಅದರಿಂದ ಪದರ ಮೆಲ್ಲಗೆ ಸುಧಾರಿಸುತ್ತಿದೆ. ಜಗತ್ತಿನ ದೇಶಗಳು ಮನಸ್ಸು ಮಾಡಿದರೆ ಕೆಲಸವಾಗುತ್ತದೆ ಎಂಬುದಕ್ಕೆ ಮಕ್ಕಳಿಗೆ ಆ ಉದಾಹರಣೆ ಕೊಡುತ್ತೇನೆ. ಎರಡನೆಯದು, "ಈ ಸಲ ಸಂಕ್ರಾಂತಿಗೆ ಎಂಥಾ ಚಳಿ ಇತ್ತು, ಎಲ್ಲಿಯ ಬಿಸಿ?" ಎನ್ನುವುದು. ಒಂದು ದಿನದ ಹವೆ ಬೇರೆ, ಮೂವತ್ತು ವರ್ಷಗಳ ವಾಯುಗುಣ ಬೇರೆ. ಒಂದು ದಿನ ಹೆಚ್ಚು ಕೂಲಿ ಸಿಕ್ಕ ಮಾತ್ರಕ್ಕೆ ಮನೆಯ ಸಾಲ ತೀರಿತೆಂದು ಯಾರೂ ಹೇಳುವುದಿಲ್ಲ ಅಲ್ಲವೇ?

ಈಗ ನನಗೆ ಬೇಸರ ತರುವ ಒಂದು ವಿಷಯ ಹೇಳಿಬಿಡುತ್ತೇನೆ. ಈ ಪಾಠದ ಪ್ರಬಂಧ ಬರೆಸಿದರೆ ಎಲ್ಲ ಮಕ್ಕಳೂ ಕೊನೆಯಲ್ಲಿ ಒಂದೇ ಮಾತು ಬರೆಯುತ್ತಾರೆ: ಗಿಡ ನೆಡಬೇಕು, ದೀಪ ಆರಿಸಬೇಕು, ಕಾರಿನ ಬದಲು ಸೈಕಲ್ಲಿನಲ್ಲಿ ಹೋಗಬೇಕು. ಗಿಡ ನೆಡುವುದು ಒಳ್ಳೆಯದೇ. ಆದರೆ ಕಾರನ್ನೇ ಕಾಣದ ಮನೆಯ ಮಗು ಕಾರು ಬಿಡುತ್ತೇನೆಂದು ಬರೆಯುವುದು ಎಂಥ ವಿಚಿತ್ರ! ಭಾರತದಲ್ಲಿ ಒಬ್ಬ ಮನುಷ್ಯನ ತಲೆಯ ಮೇಲೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕಾದಲ್ಲಿ 14 ಟನ್‌ನ ಆಸುಪಾಸು. ಭಾರತದ ಲೆಕ್ಕದಲ್ಲಿಯೂ ಶ್ರೀಮಂತರ ಪಾಲು, ಕಾರ್ಖಾನೆಗಳ ಪಾಲು ಸೇರಿದೆ. ಎರಡು ದೀಪ, ಒಂದು ಫ್ಯಾನು ಇರುವ ನಮ್ಮ ಮಕ್ಕಳ ಮನೆಯ ಪಾಲು ಎಷ್ಟಿದ್ದೀತು? ಇಲ್ಲಿಯವರೆಗೆ ಗಾಳಿಗೆ ಸೇರಿದ ಈ ಅನಿಲದಲ್ಲಿ ಹತ್ತಿರ ಹತ್ತಿರ ಅರ್ಧ ಅಮೆರಿಕಾ ಮತ್ತು ಯುರೋಪಿನದು. ಇಂದಿನ ಒಟ್ಟು ಲೆಕ್ಕದಲ್ಲಿ ಚೀನಾ ಮೊದಲು, ನಮ್ಮ ದೇಶ ಮೂರನೆಯದು ಎಂಬುದನ್ನೂ ಮುಚ್ಚಿಡಬಾರದು. ಹೀಗಿರುವಾಗ ತಪ್ಪಿತಸ್ಥರ ಜಾಗದಲ್ಲಿ ನಮ್ಮ ಮಕ್ಕಳನ್ನು ನಿಲ್ಲಿಸಿ ಪಾಠ ಹೇಳುವುದು ಸರಿಯಲ್ಲ. ಅವರು ನಷ್ಟ ಹೊರುವವರ ಸಾಲಿನಲ್ಲಿ ಇರುವವರು.

ಆ ನಷ್ಟ ಯಾವ ಯಾವ ಬಾಗಿಲಿನಿಂದ ನಮ್ಮ ಮನೆಯೊಳಗೆ ಬರುತ್ತದೆ ಎಂಬುದನ್ನು ನೋಡೋಣ.

ಮೊದಲು ಬಿಸಿಲು. 2015ರ ಮೇ ತಿಂಗಳಿನ ಬಿಸಿಗಾಳಿಗೆ ದೇಶದಲ್ಲಿ 2,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ಹೆಚ್ಚಿನವರು ಬಿಸಿಲಿನಲ್ಲಿ ದುಡಿಯುವವರು, ಮುದುಕರು. ಬಿಸಿಲು ನಮಗೆ ಹೊಸದಲ್ಲ. ಆದರೆ ಹಿಂದೆ ಮಣ್ಣಿನ ಮಾಳಿಗೆಯ ಮನೆಗಳಿದ್ದವು, ಮಧ್ಯಾಹ್ನ ಒಳಗೆ ತಂಪು ಸಿಗುತ್ತಿತ್ತು. ಈಗ ಬಡವರಿಗೆ ತಗಡಿನ ಶೆಡ್, ಅನುಕೂಲವಿದ್ದವರಿಗೆ ಸ್ಲ್ಯಾಬ್. ಎರಡೂ ರಾತ್ರಿಯವರೆಗೂ ಕಾದಿರುತ್ತವೆ. ಹೊರಗೂ ಬಿಸಿ, ಒಳಗೂ ಬಿಸಿ.

ಶಾಲೆಯ ವೇಳೆಯನ್ನೇ ತೆಗೆದುಕೊಳ್ಳಿರಿ. ಮಾರ್ಚ್ ನಡುವಿನಿಂದ ನಮ್ಮಲ್ಲಿ ಒಪ್ಪೊತ್ತಿನ ಶಾಲೆ. ಬೆಳಿಗ್ಗೆ 8ರಿಂದ 12.30. ಬಿಸಿಲಿನಿಂದ ಮಕ್ಕಳನ್ನು ಕಾಪಾಡಲಿಕ್ಕೆಂದೇ ಈ ಏರ್ಪಾಡು, ಸರಿಯಷ್ಟೆ. ಆದರೆ 12.30ಕ್ಕೆ ಊಟ ಮಾಡಿ ಮಗು ಹೊರಬೀಳುವುದು ಯಾವ ಹೊತ್ತಿನಲ್ಲಿ? ಕನ್ನಡ ಮಾಧ್ಯಮದ ಶಾಲೆ ಪ್ರತಿ ಊರಿನಲ್ಲಿಯೂ ಇಲ್ಲ. ಪಕ್ಕದ ಊರಿನಿಂದ ನಡೆದು ಬರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ತೆಲುಗು ಮಾಧ್ಯಮದ ಮಗು ಓಣಿ ದಾಟಿ ಮನೆ ಸೇರುವಷ್ಟರಲ್ಲಿ ನಮ್ಮ ಮಗು ಇನ್ನೂ ಡಾಂಬರು ರಸ್ತೆಯ ಮೇಲೆ ಇರುತ್ತದೆ. ಹತ್ತನೆಯ ತರಗತಿಯ ಪರೀಕ್ಷಾ ಕೇಂದ್ರವಿರುವ ಶಾಲೆಗಳಲ್ಲಂತೂ ಆ ದಿನಗಳಲ್ಲಿ ಉಳಿದ ಮಕ್ಕಳಿಗೆ ತರಗತಿ ಮಧ್ಯಾಹ್ನ. ಅಂದರೆ ಸುಡು ಬಿಸಿಲಿನಲ್ಲಿ ಶಾಲೆಗೆ ನಡೆದು ಬರಬೇಕು. ಭಾಷೆಯ ಕಾರಣದಿಂದ ದೂರ ನಡೆಯುವ ಮಗುವಿಗೆ ಬಿಸಿಲೂ ಹೆಚ್ಚು ಎಂಬ ಲೆಕ್ಕವನ್ನು ಯಾವ ಕಚೇರಿಯೂ ಹಾಕಿದ್ದನ್ನು ನಾನು ನೋಡಿಲ್ಲ.

ಎರಡನೆಯದು ಮಳೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ರೋಹಿಣಿ, ಮಿರಗ, ಆರಿದ್ರಾ ಎಂದು ಹೆಸರು ಹಿಡಿದು ಮಳೆಯನ್ನು ಕರೆಯುತ್ತಿದ್ದರು. ಈಗ ಆ ಹಿರಿಯರೇ ಕಟ್ಟೆಯ ಮೇಲೆ ಕುಳಿತು "ಮಳಿ ದಾರಿ ತಪ್ಯಾವ" ಎನ್ನುತ್ತಾರೆ. ಇದು ಬರೀ ಮುದುಕರ ಗೊಣಗಾಟವಲ್ಲ. ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಲ್ಲಿ ಅದೇ ಮಾತು ಅಂಕಿಗಳಲ್ಲಿ ಇದೆ. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಕಡಿಮೆಯಾಗಿದೆ. ಮಳೆಗಾಲದ ನಡುವೆ ಒಣಗುವ ದಿನಗಳ ಸರದಿ ಹೆಚ್ಚಿದೆ. ಮಧ್ಯ ಭಾರತದಲ್ಲಿ ಒಂದೇ ದಿನಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆಗಳು 1950ರಿಂದ 2015ರ ಒಳಗೆ ಶೇ. 75ರಷ್ಟು ಹೆಚ್ಚಾಗಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಹಿಡಿದಿಟ್ಟದ್ದನ್ನು ಒಮ್ಮೆಲೇ ಸುರಿಯುತ್ತದೆ. ತಿಂಗಳು ಬಾರದ ಮಳೆ ಒಂದೇ ರಾತ್ರಿ ಬಂದರೆ ಹೊಲಕ್ಕೆ ಏನು ಪ್ರಯೋಜನ? ಮೇಲ್ಮಣ್ಣು ಕೊಚ್ಚಿ ಹಳ್ಳಕ್ಕೆ ಹೋಗುತ್ತದೆ, ತೊಗರಿಯ ಹೂವು ಉದುರುತ್ತದೆ, ಬಿಡಿಸಲು ಬಂದ ಹತ್ತಿ ಕಪ್ಪಾಗುತ್ತದೆ. ತೆಲಂಗಾಣದ ಸರಾಸರಿ ಮಳೆ ವರ್ಷಕ್ಕೆ ಸುಮಾರು 900 ಮಿಲಿಮೀಟರ್. ನಮ್ಮ ನಾರಾಯಣಪೇಟೆ, ಗದ್ವಾಲದ ಭಾಗದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಡಿಮೆ ಇರುವವನಿಗೆ ಏರುಪೇರಿನ ಪೆಟ್ಟು ಜೋರು.

2009ನೆಯ ಇಸವಿಯನ್ನು ತಾವು ಮರೆತಿರಲಾರಿರಿ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇ. 22ರಷ್ಟು ಕಡಿಮೆ, 1972ರ ಬರದ ನಂತರ ಅಷ್ಟು ಕೆಟ್ಟ ಮುಂಗಾರು ಬಂದಿರಲಿಲ್ಲ. ಬಿತ್ತಿದ್ದು ಒಣಗಿ, ಜನ ಆಕಾಶ ನೋಡಿ ನೋಡಿ ಸಾಕಾಗಿದ್ದರು. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ವಾರದಲ್ಲಿ ನೋಡಿರಿ, ಕೃಷ್ಣೆ ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿದವು. ರಾಯಚೂರು, ಮಂತ್ರಾಲಯ, ಕರ್ನೂಲು, ಅಲಂಪುರ ನೀರಿನಲ್ಲಿ ನಿಂತವು. ರಾಜೋಳಿಯ ನೇಕಾರರ ಮನೆ, ಮಗ್ಗ ಹೋದವು. ಬರ ಮತ್ತು ನೆರೆ ಎರಡೂ ಒಂದೇ ವರ್ಷ! ಆ ನೆರೆಗೆ ಭೂಮಿಯ ಬಿಸಿಯೊಂದೇ ಕಾರಣವೆಂದು ನಾನು ಹೇಳಲಾರೆ. ಇಂತಹ ವರ್ಷಗಳು ಹೆಚ್ಚಾಗುತ್ತವೆ ಎಂಬುದೇ ವಿಜ್ಞಾನಿಗಳ ಎಚ್ಚರಿಕೆ. ಮುಂದೆ 2019ರ ಆಗಸ್ಟಿನಲ್ಲಿ ಕೃಷ್ಣಾ, ಮಾಗನೂರು ಮಂಡಲಗಳ ಹೊಳೆದಂಡೆಯ ಊರುಗಳಿಗೆ ನೀರು ಬಂತು. 2020ರ ಅಕ್ಟೋಬರಿನಲ್ಲಿ ಭೀಮೆ ಕಲಬುರಗಿ, ಯಾದಗಿರಿಯ ಕಡೆಯನ್ನು ಮುಳುಗಿಸಿ ತಂಗಡಿಯ ಸಂಗಮಕ್ಕೆ ಬಂದಳು. ಹೊಳೆ ಏರಿದಾಗ ಗದ್ವಾಲದ ಹತ್ತಿರದ ನಡುಗಡ್ಡೆ ಗುರ್ರಂಗಡ್ಡದ ಜನರಿಗೆ ಹೊರಗಿನ ಸಂಪರ್ಕವೇ ಇರುವುದಿಲ್ಲ.

ಮಗ್ಗದವರ ಕಷ್ಟವನ್ನು ಪುಸ್ತಕದಲ್ಲಿ ಯಾರೂ ಬರೆದಿಲ್ಲ. ನಾರಾಯಣಪೇಟೆ, ಗದ್ವಾಲದ ಸೀರೆಗಳ ಹೆಸರು ಊರೂರಿಗೆ ಹೋಗಿದೆ. ನೇಯುವವರು ಕೂರುವುದು ಕುಣಿಯ ಮಗ್ಗದಲ್ಲಿ. ಒಣ ಬಿಸಿಲಿಗೆ ಹತ್ತಿಯ ನೂಲು ಪದೇ ಪದೇ ಹರಿಯುತ್ತದೆ. ಜಡಿಮಳೆ ಹಿಡಿದರೆ ಕುಣಿಯೊಳಗೆ ನೀರು ಊರುತ್ತದೆ, ಮಗ್ಗ ನಿಲ್ಲುತ್ತದೆ. ಎರಡೂ ದಿನ ದುಡಿಮೆಯಿಲ್ಲ. ಇದನ್ನು ನನಗೆ ಹೇಳಿದವನು ಎಂಟನೆಯ ತರಗತಿಯ ಹುಡುಗ. ಭೂಮಿ ಬಿಸಿಯಾಗುವುದರ ಪರಿಣಾಮ ಬರೆಯಿರಿ ಎಂದರೆ ಎಲ್ಲರೂ ಹಿಮಕರಡಿ, ಧ್ರುವದ ಮಂಜು ಎಂದು ಬರೆಯುತ್ತಿದ್ದಾಗ ಅವನು "ನಮ್ಮ ಮಗ್ಗದ ಕುಣಿಯಲ್ಲಿ ನೀರು" ಎಂದು ಬರೆದ. ನಾನು ಓದಿದ ಉತ್ತರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಅವನು ಅದನ್ನು ಬರೆಯಲು ಸಾಧ್ಯವಾದದ್ದು ಮನೆಯ ಮಾತಿನಲ್ಲಿಯೇ ಪಾಠ ನಡೆದದ್ದರಿಂದ. ಇಂಗ್ಲಿಷಿನಲ್ಲಾಗಿದ್ದರೆ ಅವನೂ ಹಿಮಕರಡಿಯನ್ನೇ ಬಾಯಿಪಾಠ ಮಾಡುತ್ತಿದ್ದ.

ಇನ್ನು ಹಾಜರಿ ಪುಸ್ತಕದ ಮಾತಿಗೆ ಬರುತ್ತೇನೆ.

ಪಾಲಮೂರು ಜಿಲ್ಲೆಯ ಕೂಲಿಯವರ ಹೆಸರು ದೇಶಕ್ಕೆಲ್ಲಾ ಗೊತ್ತು. ಎಲ್ಲೆಲ್ಲಿಯ ಅಣೆಕಟ್ಟು, ಕಾಲುವೆಗಳಿಗೋ ನಮ್ಮವರು ಮಣ್ಣು ಹೊತ್ತಿದ್ದಾರೆ. ಗುಳೆ ಹೋಗುವುದು ಭೂಮಿ ಬಿಸಿಯಾದ ಮೇಲೆ ಹುಟ್ಟಿದ್ದಲ್ಲ. ಬಡತನ, ಸಾಲ, ನೀರಾವರಿ ಇಲ್ಲದಿರುವುದು ಅದರ ಹಳೆಯ ಬೇರುಗಳು. ಆದರೆ ಮಳೆ ಕೈಕೊಟ್ಟ ವರ್ಷ ಗುಳೆ ಬೇಗ ಶುರುವಾಗುತ್ತದೆ, ಹೆಚ್ಚು ಮನೆಗಳಿಂದ ಶುರುವಾಗುತ್ತದೆ. ದಸರಾ ಮುಗಿಯಿತೋ ಇಲ್ಲವೋ, ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ ಮೂಟೆ ಕಟ್ಟುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಅದೂ ಹೋಗುತ್ತದೆ. ಗದ್ವಾಲದ ಕಡೆ ಹತ್ತಿ ಬೀಜದ ಹೊಲಗಳಲ್ಲಿ ಹೂವು ಕ್ರಾಸಿಂಗ್ ಮಾಡುವ ಕೆಲಸಕ್ಕೆ ಮಕ್ಕಳ ಸಣ್ಣ ಕೈಗಳೇ ಬೇಕೆಂದು ಕರೆದೊಯ್ದ ಕಾಲವನ್ನೂ ನಾವು ನೋಡಿದ್ದೇವೆ. ಮಳೆ ಒಳ್ಳೆಯದಾದ ವರ್ಷದ ಹಾಜರಿ ಪುಸ್ತಕವನ್ನೂ ಕೆಟ್ಟ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿರಿ, ನವೆಂಬರಿನಿಂದಾಚೆ ಕೆಂಪು ಶಾಯಿ ಎಲ್ಲಿ ಹೆಚ್ಚಿದೆ ಎಂಬುದು ತಾನಾಗಿ ಕಾಣುತ್ತದೆ.

ಇದು ಎಲ್ಲ ಶಾಲೆಗಳ ಕಥೆಯಲ್ಲವೇ ಎಂದು ತಾವು ಕೇಳಬಹುದು. ಹೌದು. ಆದರೆ ನಮಗೆ ಅದರ ಬೆಲೆ ಬೇರೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿಯಮವನ್ನು ಒಪ್ಪಿತು. ಒಂದು ಪ್ರಾಥಮಿಕ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು ಎಂದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಮಾತು ಬಂದಾಗಲೆಲ್ಲಾ ಇಂದಿಗೂ ಈ 10 ಮತ್ತು 40 ಬರುತ್ತವೆ. ಹದಿಮೂರು ಮಕ್ಕಳಿರುವ ತರಗತಿಯಿಂದ ನಾಲ್ವರು ಪುಣೆಗೆ ಹೋದರೆ ಉಳಿಯುವುದು ಎಷ್ಟು? ಒಂಬತ್ತು. ತೆಲುಗು ಮಾಧ್ಯಮದ ತರಗತಿಯಿಂದ ನಾಲ್ವರು ಹೋದರೆ ಬೆಂಚು ಸಡಿಲವಾಗುತ್ತದೆ, ಅಷ್ಟೆ. ನಮ್ಮಲ್ಲಿ ಹೋದರೆ ಹುದ್ದೆಯೇ ಅಲುಗಾಡುತ್ತದೆ. "ಮಕ್ಕಳಿಲ್ಲ, ಶಿಕ್ಷಕರೇಕೆ?" ಎಂಬ ಪ್ರಶ್ನೆ ಬರುತ್ತದೆ. ಶಿಕ್ಷಕರು ಹೋದ ಮೇಲೆ "ಶಿಕ್ಷಕರಿಲ್ಲ, ಮಕ್ಕಳನ್ನೇಕೆ ಸೇರಿಸಬೇಕು?" ಎಂದು ತಾವು ಕೇಳುತ್ತೀರಿ. ಹೀಗೆ ಒಂದು ಕನ್ನಡ ತರಗತಿ ಮುಚ್ಚಿದರೆ ಅದು ಮತ್ತೆ ತೆರೆಯುವುದು ಸುಲಭದ ಮಾತಲ್ಲ. ಆ ತಂದೆಗೆ ಅಂದು ನಾನು ಹೇಳಬೇಕಾಗಿದ್ದ ಉತ್ತರ ಇದೇ.

ಗದ್ವಾಲ, ಅಲಂಪುರ ತಾಲ್ಲೂಕುಗಳು 1956ರ ನವೆಂಬರ್ ಒಂದರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗೆರೆ ಎಳೆದವರು ನಮ್ಮ ಹಿರಿಯರನ್ನು ಆಚೆಗೆ ಬಿಟ್ಟರೂ ಅದೇ ವರ್ಷ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿದರು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಸೌಲಭ್ಯವೆಂದರೆ ಕೊಠಡಿ, ಪುಸ್ತಕ ಮಾತ್ರವೇ? ಬರದ ವರ್ಷ ತಂದೆತಾಯಿ ಗುಳೆ ಹೋದಾಗ ಮಗು ಇಲ್ಲಿಯೇ ಉಳಿದು ಕನ್ನಡದಲ್ಲಿ ಓದು ಮುಂದುವರಿಸಲು ಆರು ತಿಂಗಳ ವಸತಿಯೂ ಸೌಲಭ್ಯವೇ. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿ ನಿಲಯ ನಡೆಸುವುದು ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಇರುವ ಏರ್ಪಾಡು. ಅದು ನಮ್ಮ ಮಕ್ಕಳಿಗೆ ಅಕ್ಟೋಬರಿಗೆ ಮೊದಲೇ ಸಿಗಬೇಕು, ಅಲ್ಲಿ ಸಂಜೆ ಪಾಠ ಹೇಳುವವರಿಗೆ ಕನ್ನಡ ಬರಬೇಕು ಎಂದು ನಾವು ಬರೆದು ಕೇಳಬೇಕು.

ಇನ್ನೊಂದು, ಎಚ್ಚರಿಕೆಯ ಭಾಷೆ. ಬಿಸಿಗಾಳಿ, ಸಿಡಿಲು, ಹೊಳೆಯ ನೀರು ಏರುವ ಎಚ್ಚರಿಕೆಗಳು ಈಗ ಮೊಬೈಲಿಗೆ ಬರುತ್ತವೆ. ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ತೆಲುಗಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ತೆಲುಗು ಮಾತನಾಡಲು ಎಲ್ಲರಿಗೂ ಬರುತ್ತದೆ, ಓದಲು ಎಲ್ಲರಿಗೂ ಬರುವುದಿಲ್ಲ. ತಾಯಂದಿರಿಗೆ, ಅಜ್ಜಿಯರಿಗೆ ಇನ್ನೂ ಕಷ್ಟ. ಭಾಷಾ ಅಲ್ಪಸಂಖ್ಯಾತರು ಶೇ. 15ಕ್ಕಿಂತ ಹೆಚ್ಚಿರುವ ಪ್ರದೇಶದಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಕೊಡಬೇಕೆಂಬುದು ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು. ಜೀವ ಉಳಿಸುವ ಪ್ರಕಟಣೆಗಿಂತ ಮುಖ್ಯವಾದದ್ದು ಯಾವುದಿದೆ? 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲೆಯ ವಿಪತ್ತು ಪ್ರಾಧಿಕಾರಕ್ಕೆ ಕಲೆಕ್ಟರರೇ ಅಧ್ಯಕ್ಷರು. ನಾರಾಯಣಪೇಟೆಯ ಕಲೆಕ್ಟರರಿಗೂ ಗದ್ವಾಲದ ಕಲೆಕ್ಟರರಿಗೂ ಕನ್ನಡದಲ್ಲಿ ಎರಡು ಸಾಲಿನ ಎಚ್ಚರಿಕೆ ಕೊಡಿರೆಂದು ಅರ್ಜಿ ಬರೆಯೋಣ. ಬರೆದು ಕೊಡಲು ನಾವು ಶಿಕ್ಷಕರಿದ್ದೇವೆ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ಕೃಷ್ಣೆ ನಮ್ಮ ರಾಜ್ಯಕ್ಕೆ ಬರುವುದೇ ಕನ್ನಡ ನಾಡನ್ನು ದಾಟಿ. ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ರಾಯಚೂರು, ಯಾದಗಿರಿಯ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಹೊಳೆದಂಡೆಯ ಊರಿನಲ್ಲಿ ಕನ್ನಡ ಓದುವ ಒಂದು ಮಗುವಿದ್ದರೆ ಆ ಸುದ್ದಿಯನ್ನು ಓಣಿಗೆಲ್ಲಾ ಓದಿ ಹೇಳಬಲ್ಲದು. ಕನ್ನಡ ಕಲಿತರೆ ಏನು ಉಪಯೋಗ ಎನ್ನುವವರಿಗೆ ನಾನು ಇದನ್ನೂ ಹೇಳುತ್ತೇನೆ.

ಶಾಲೆಯ ಒಳಗಿನ ಕೆಲವು ಕೆಲಸಗಳು ನಮ್ಮ ಕೈಯಲ್ಲಿಯೇ ಇವೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರಿನ ಗಂಟೆ ಎಂದು ಶುರುವಾಯಿತು, ಕರ್ನಾಟಕವೂ ಅನುಸರಿಸಿತು. ಗಂಟೆ ಹೊಡೆದಾಗ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ಇದಕ್ಕೆ ಯಾವ ಆದೇಶವೂ ಬೇಕಿಲ್ಲ. ಶೌಚಾಲಯ ಸರಿಯಿಲ್ಲದಿದ್ದರೆ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ, ಅದು ಮಾತ್ರ ಮೊದಲು ಸರಿಯಾಗಬೇಕು. ಒಪ್ಪೊತ್ತಿನ ಶಾಲೆಯ ದಿನಗಳಲ್ಲಿ ದೂರದ ಮಕ್ಕಳನ್ನು ಹೇಗೆ ಕಳಿಸಬೇಕು, ಬಿಸಿಲು ಇಳಿಯುವವರೆಗೆ ವರಾಂಡದಲ್ಲಿ ಕೂಡಿಸಿಕೊಳ್ಳಬಹುದೇ ಎಂಬುದನ್ನು ಶಾಲಾ ಸಮಿತಿಯಲ್ಲಿ ತಾವೇ ಎತ್ತಬೇಕು. ಶಿಕ್ಷಕ ಎತ್ತಿದರೆ ಅದು ಶಿಕ್ಷಕನ ಗೋಳಾಗುತ್ತದೆ. ಮನೆಯಿಂದ ಬರುವಾಗ ಅಂಬಲಿ, ಮಜ್ಜಿಗೆ ಏನಾದರೂ ಕುಡಿಸಿ ಕಳಿಸಿರಿ. ಮಗುವಿಗೆ ತಲೆ ಸುತ್ತಿದರೆ ನೆರಳಿಗೆ ಕೂರಿಸಿ ಒದ್ದೆ ಬಟ್ಟೆಯಿಂದ ಮೈ ಒರೆಸಿ ನೀರು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿರಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಈ ವರ್ಷ ಇನ್ನೊಂದು ಕೆಲಸ ಹಿಡಿದಿದ್ದೇವೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿದರೆ ಅದೇ ಮಿಲಿಮೀಟರಿನಲ್ಲಿ ಮಳೆಯ ಲೆಕ್ಕ. ಏಳನೆಯ ತರಗತಿಯ ಮಕ್ಕಳು ಒಂದು ವಹಿಯಲ್ಲಿ ತಾರೀಖು, ಮಳೆ ನಕ್ಷತ್ರದ ಹೆಸರು, ಮಿಲಿಮೀಟರು ಮೂರನ್ನೂ ಬರೆಯುತ್ತಿದ್ದಾರೆ. ನಾಲ್ಕನೆಯ ಕಾಲಂ ಖಾಲಿ ಬಿಟ್ಟಿದ್ದೇವೆ. ಅದರ ಮೇಲೆ "ಅಜ್ಜ, ಅಜ್ಜಿ ಹೇಳಿದ್ದು" ಎಂದು ಒಬ್ಬ ಹುಡುಗಿ ತಾನೇ ಬರೆದಿದ್ದಾಳೆ. ಆ ಮಳೆ ಹಿಂದೆ ಹೇಗೆ ಬರುತ್ತಿತ್ತು, ಯಾವ ಬೆಳೆ ಬಿತ್ತುತ್ತಿದ್ದರು, ಯಾವ ವರ್ಷ ತಪ್ಪಿತು ಎಂಬುದನ್ನು ತುಂಬಲು ನಮಗೆ ತಮ್ಮ ಮನೆಯ ಹಿರಿಯರು ಬೇಕು. ಮುಂದಿನ ಸಭೆಗೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿರಿ. ಆ ದಿನ ಬಿಸಿಯೂಟದ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳೋಣ.